ಶನಿವಾರದವರು

ಯಲ್ದೂರು, ಶ್ರೀನಿವಾಸಪುರ ತಾಲ್ಲೂಕು
೭ ಸೆಪ್ಟೆಂಬರ್ ೨೦೨೫, ಭಾನುವಾರ

ನಮ್ಮ ಅರುಣನಿಗೆ ಅಪ್ಪನ ಪ್ರೀತಿಯ ಹಾರೈಕೆ.

ನಿನ್ನ ಮಂಡಿ ನೋವು ಹೇಗಿದೆ? ಅಸ್ಸಾಮಿನಲ್ಲಿ ಮಳೆ ಇನ್ನೂ ಬಿಟ್ಟಿಲ್ಲವೆಂದು ಟೀವಿಯಲ್ಲಿ ನೋಡಿದೆವು. ಒದ್ದೆ ಬೂಟಿನಲ್ಲಿ ಡ್ಯೂಟಿಗೆ ನಿಲ್ಲಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ನಾವಿಬ್ಬರೂ ಚೆನ್ನಾಗಿದ್ದೇವೆ. ತೋಟದಲ್ಲಿ ಕಾಯಿ ಮುಗಿದು, ಈಗ ಮಾವಿನ ಮರಗಳ ಒಣಕೊಂಬೆ ಕಡಿಯುವ ಕೆಲಸ ನಡೆಯುತ್ತಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ನಿಮ್ಮಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಅವಳ ಎದುರಿಗೇ ಅವಳನ್ನು ಹೊಗಳಲು ಈ ವಯಸ್ಸಿನಲ್ಲೂ ನನಗೆ ನಾಚಿಕೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ನಿಮ್ಮಿಬ್ಬರ ಕೇಸು ಮುಗಿಯುವವರೆಗೆ ಮಗಳು ಮೇಘನ ಮಾಲೂರಿನಲ್ಲಿ ತಾಯಿ ಮೌನಿಕಾಳ ಹತ್ತಿರವೇ ಇರಬೇಕು, ನೀನು ಊರಲ್ಲಿ ಇಲ್ಲದಾಗ ನಿನ್ನ ಬದಲು ನಾವು ಒಂದು ಶನಿವಾರ ಬಿಟ್ಟು ಒಂದು ಶನಿವಾರ ಕೋಲಾರದ ಕೋರ್ಟಿನಲ್ಲಿ ಮಗುವನ್ನು ನೋಡಬಹುದು ಎಂದು ಆದೇಶವಾದಾಗ ನೀನು ರಜ ಮುಗಿಸಿ ಹೊರಟುಬಿಟ್ಟಿದ್ದೆ. ಆಮೇಲಿನದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ; ದೂರದಲ್ಲಿರುವವನಿಗೆ ಯಾಕೆ ಸಂಕಟ ಎಂದು ಸುಮ್ಮನಿದ್ದೆವು. ಮೊದಮೊದಲು ಮಗು ನಮ್ಮ ಹತ್ತಿರ ಬರಲಿಲ್ಲ. ಕರೆದುಕೊಂಡು ಬಂದ ಸೋದರಮಾವನ ಕೈಹಿಡಿದು, ತಲೆ ಬಗ್ಗಿಸಿ ಕೂತಿರುತ್ತಿತ್ತು. ನಿಮ್ಮಮ್ಮ ಕರಿದು ತಂದ ಕೋಡುಬಳೆ ಡಬ್ಬಿಯಲ್ಲೇ ವಾಪಸ್ಸು ಬಂತು. ಬಸ್ಸಿನಲ್ಲಿ ಅವಳು ಅಳಲಿಲ್ಲ. ಕಿಟಕಿಯಾಚೆ ನೋಡುತ್ತಾ, "ನಮಗೊಬ್ಬರಿಗೇನಾ ಹಿಂಗೆ? ಇಷ್ಟು ದೊಡ್ಡ ಜಿಲ್ಲೇಲಿ ಇನ್ಯಾರೂ ಇಲ್ವಾ?" ಎಂದಳು. ಆ ಪ್ರಶ್ನೆ ಅವಳನ್ನು ಬಿಡಲೇ ಇಲ್ಲ.

ಮುಂದಿನ ಸಲ ಹೋದಾಗ ಅವಳ ಕಣ್ಣು ಮಗುವಿನ ದಾರಿ ಕಾಯುತ್ತಲೇ ವರಾಂಡದಲ್ಲಿದ್ದವರನ್ನೆಲ್ಲ ನೋಡುತ್ತಿತ್ತು. ಮೂಲೆಯ ಬೆಂಚಿನಲ್ಲಿ ಬುರ್ಖಾ ತೊಟ್ಟ ಹೆಂಗಸೊಬ್ಬಳು ಸಣ್ಣ ಹುಡುಗರ ಒಂದು ಹೊಸ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು ಮಾಡುತ್ತಿದ್ದಳು. ಗುರುತಿಲ್ಲದವರ ಮನೆ ವಿಷಯ ನಮಗೇಕೆ ಎಂದೆ. ನಿಮ್ಮಮ್ಮ ಕೇಳುವವಳೇ? ಹೋಗಿ ಪಕ್ಕದಲ್ಲಿ ಕೂತಳು. ಕೇಸು ಏನು, ತಪ್ಪು ಯಾರದು ಎಂದು ಕೇಳಲಿಲ್ಲ. "ನಿನ್ನ ಮಗನಿಗೆ ಏನು ತಿನ್ನೋಕೆ ಇಷ್ಟ ಕಣಮ್ಮಾ?" ಎಂದಳು. ಅಷ್ಟಕ್ಕೇ ಆಕೆಯ ಕಣ್ಣು ತುಂಬಿತು. ಆಕೆ ಮುಳಬಾಗಿಲಿನ ರಹೀಮಾ; ಮಗ ಶಾರುಖ್ ತಂದೆಯ ಹತ್ತಿರ ಇದ್ದಾನೆ. "ಎರಡು ವರ್ಷದಿಂದ ಬರ್ತಾ ಇದೀನಿ ಅಮ್ಮಾ, ಇಲ್ಲಿ ಯಾರೂ ನನ್ನ ಮಾತಾಡಿಸಿರ್ಲಿಲ್ಲ" ಎಂದಳಂತೆ.

ಅಲ್ಲಿಂದ ಶುರುವಾಯಿತು. ರಹೀಮಾ ಫೋನಿನಲ್ಲಿ ಒಂದು ಗುಂಪು ಮಾಡಿದಳು, ಹೆಸರು 'ಶನಿವಾರದವರು'. ವಕೀಲರ ಗುಮಾಸ್ತರಿಗೆ, ಗೇಟಿನ ಟೀ ಅಂಗಡಿಯವನಿಗೆ ನಿಮ್ಮಮ್ಮ ಹೇಳಿಟ್ಟಳು: ಮಗು ನೋಡೋಕೆ ಒಂಟಿಯಾಗಿ ಬಂದೋರು ಯಾರಾದ್ರೂ ಇದ್ರೆ ನಮ್ಮ ಹತ್ತಿರ ಕಳಿಸಿ. ಹುತ್ತೂರಿನಿಂದ, ಮಾಲೂರಿನಿಂದ, ಒಬ್ಬೊಬ್ಬರಾಗಿ ಬಂದರು. ಕೋರ್ಟಿನ ಅಂಗಳದ ಹೊಂಗೆ ಮರದಡಿ ಚಾಪೆ ಹಾಸಿದೆವು. ಅಲ್ಲಿ ನಿಮ್ಮಮ್ಮನದು ಒಂದೇ ಕಟ್ಟಳೆ, ಮಕ್ಕಳ ಕಿವಿಗೆ ಬೀಳುವ ಹಾಗೆ ಎದುರು ಪಾರ್ಟಿಯನ್ನು ಯಾರೂ ಬೈಯಕೂಡದು. ಚಾಪೆಯ ಮೇಲೆ ಬೇರೆ ಮಕ್ಕಳು ಆಡುವುದನ್ನು ನೋಡಿ ನಮ್ಮ ಮೇಘನಳೂ ಮಾವನ ಕೈ ಬಿಟ್ಟು ಬಂದಳು. ಶಾರುಖ್ ಅವಳಿಗೆ ಬುಗುರಿ ಆಡಿಸುವುದು ಕಲಿಸಿದ. ಗೆದ್ದ ದಿನ ಓಡಿಬಂದು ನನ್ನ ಹೆಗಲಿಗೆ ಜೋತುಬಿದ್ದು "ತಾತಾ, ನೋಡಿದ್ಯಾ?" ಎಂದಳು. ನಾನು ನೋಡಿರಲಿಲ್ಲ ಕಣೋ, ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ನೋಡಿದೆ ಎಂದೆ.

ಈಗ ಕದಿರೇಶನ ವಿಷಯ ಹೇಳಲೇಬೇಕು. ಶಿವಾರಪಟ್ಟಣದವನು, ಕಲ್ಲಿನ ವಿಗ್ರಹ ಕೆತ್ತುವವನು, ಮಾತು ಕಡಿಮೆ, ಕೋಪ ಜಾಸ್ತಿ. ಇಬ್ಬರು ಹೆಣ್ಣುಮಕ್ಕಳೂ ಹೆಂಡತಿಯ ತವರಿನಲ್ಲಿದ್ದಾರೆ. ಜುಲೈನಲ್ಲಿ ಒಂದು ಶನಿವಾರ ಮಕ್ಕಳನ್ನು ಕರೆತರಲೇ ಇಲ್ಲ. ಹೊತ್ತು ಮೀರಿತು, ಫೋನು ಎತ್ತಲಿಲ್ಲ. ಬಾಗಿಲು ಒಡೆದು ಕರ್ಕೊಂಡು ಬರ್ತೀನಿ ಅಂತ ಹಲ್ಲು ಕಚ್ಚಿ ಬೈಕು ಸ್ಟಾರ್ಟ್ ಮಾಡಿದ. ಗಂಡಸರು ನಾವೆಲ್ಲ ಹಿಂದೆ ಸರಿದೆವು. ನಿಮ್ಮಮ್ಮ ಹೋಗಿ ಹ್ಯಾಂಡಲ್ ಹಿಡಿದು ನಿಂತಳು. "ಹೋಗು ನಾಯನಾ, ನಾನ್ಯಾಕೆ ಬೇಡ ಅನ್ಲಿ. ಆದ್ರೆ ಆ ಬಾಗಿಲ ಹಿಂದೆ ನಿಂತಿರೋದು ನಿನ್ನ ಮಕ್ಕಳೇ. ಅವರಿಗೆ ಯಾವ ಮುಖ ತೋರಿಸ್ತೀಯಾ?" ಅವನು ಇಂಜಿನ್ ಆರಿಸಿ, ಚಾಪೆಯ ಮೇಲೆ ಕೂತು, ಮಗುವಿನ ಹಾಗೆ ಅತ್ತ. ಕೋರ್ಟಿನ ಆಪ್ತಸಮಾಲೋಚಕಿ ಮೇಡಂ ವಿಚಾರಿಸಿದಾಗ ಗೊತ್ತಾಯಿತು, ಕಿರಿಯ ಮಗಳು ಡೆಂಗಿ ಜ್ವರದಿಂದ ಆಸ್ಪತ್ರೆಯಲ್ಲಿದ್ದಳು. ಮರುದಿನ ಕದಿರೇಶ ಹೆಂಡತಿ ಕಡೆಯವರ ಒಪ್ಪಿಗೆ ಕೇಳಿಕೊಂಡು, ಎಳನೀರು ಹಿಡಿದು ಹೋದ. ಅವನ ಹೆಂಡತಿಯೇ ಎದ್ದು ಹಾಸಿಗೆ ಪಕ್ಕದ ಸ್ಟೂಲು ಬಿಟ್ಟುಕೊಟ್ಟಳಂತೆ.

ಈಗ ಹೊಸಬರು ಯಾರಾದರೂ ಅಳುತ್ತಾ ಬಂದರೆ ಆ ಮೇಡಂ ಹೇಳುವುದು, "ಮೊದಲು ಹೋಗಿ ಆದಿಲಕ್ಷ್ಮಮ್ಮನವರ ಹತ್ತಿರ ಕೂತ್ಕೊಳಿ." ಕೋರ್ಟಿನ ಆವರಣದಲ್ಲಿ ನಾನು ಗಂಗುಲಪ್ಪ ಅಲ್ಲ, ಆದಿಲಕ್ಷ್ಮಮ್ಮನ ಯಜಮಾನರು. ಹಾಗೆ ಕರೆಸಿಕೊಳ್ಳಲು ನನಗೆಷ್ಟು ಹೆಮ್ಮೆ ಅಂತ ಅವಳಿಗೆ ಹೇಳಬೇಡ. ಸಾರಿಗೆ ಉಪ್ಪು ಹಾಕುವುದು ಮರೆತಾಳು. ಆದರೆ ನಿನ್ನ ಜೊತೆಯವರಿಗೆ ಹೇಳು. ಅವರಲ್ಲೂ ಇಂಥ ಸಂಕಟ ನುಂಗಿಕೊಂಡಿರುವವರು ಇರಬಹುದು.

ಮೈ ಜೋಪಾನ ಮಗಾ. ಬೈರೇದೇವರು ನಿನ್ನನ್ನು ಕಾಯಲಿ. ರಹೀಮಾ, ಕದಿರೇಶ ಇಬ್ಬರೂ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ.

ನಿನ್ನ ಅಪ್ಪ,
ಗಂಗುಲಪ್ಪ

ಮುಖ್ಯವಾದದ್ದನ್ನೇ ಬಿಟ್ಟಿದ್ದೆ, ಲಕೋಟೆ ಅಂಟಿಸುವಾಗ ನೆನಪಾಯಿತು. ನಿನ್ನೆ ಮೇಘನಳನ್ನು ಕರೆದುಕೊಂಡು ಮೌನಿಕಾಳೇ ಬಂದಿದ್ದಳು, ಅಣ್ಣನನ್ನು ಕಳಿಸಲಿಲ್ಲ. ಗೇಟಿನ ಹತ್ತಿರವೇ ನಿಂತಿದ್ದಳು. ನಿಮ್ಮಮ್ಮ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು, ಕರೆಯಲಿಲ್ಲ. ಕೊನೆಗೆ ತಾನಾಗಿ ಬಂದು ಕೂತಳು. ಎದ್ದು ಹೋಗುವಾಗ ಹೇಳಿದಳು, "ದಸರಾ ರಜಕ್ಕೆ ಮೇಘನನ ಯಲ್ದೂರಿಗೆ ಕಳಿಸ್ತೀನಿ, ವಕೀಲರಿಗೂ ಹೇಳಿದೀನಿ. ಅವರಿಗೆ ರಜ ಸಿಕ್ಕಿದ್ರೆ ಬರೋಕೆ ಹೇಳಿ, ಅತ್ತೆ." ನೀವಿಬ್ಬರೂ ಮತ್ತೆ ಒಂದಾಗುತ್ತೀರೆಂದು ನಾನು ಬರೆಯುತ್ತಿಲ್ಲ, ಕೇಸು ಅದರ ಪಾಡಿಗೆ ನಡೆಯಲಿ. ನೀನು ಈ ಕಾಗದ ಸಿಕ್ಕಿದ ದಿನವೇ ರಜಕ್ಕೆ ಅರ್ಜಿ ಹಾಕು. ಅವಳು ಅತ್ತೆ ಅಂತಲೇ ಕರೆದಳು ಕಣೋ.