ನಾನು ಅಳಿಸಿದ ಚುಕ್ಕಿ

ಸಾಗರ
೯ ಮೇ ೨೦೨೫, ಶುಕ್ರವಾರ

ಪ್ರೀತಿಯ ಪ್ರೇರಣಾ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಇದನ್ನೇ ವಾಟ್ಸಾಪಿನಲ್ಲಿ ಮೂರು ಸಲ ಬರೆದೆ, ಮೂರು ಸಲವೂ ಅಳಿಸಿದೆ. ಅಳಿಸುವುದೇ ನನ್ನ ಹೊಟ್ಟೆಪಾಡು ನೋಡು. ಅದಕ್ಕೇ ಪೆನ್ನು ಹಿಡಿದು ಕೂತಿದ್ದೇನೆ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಗಣೇಶ್ ಸಿಕ್ಕಿದ್ದ. ನೀನು ಟೆಲಿಸ್ಕೋಪ್ ಕೊಟ್ಟುಬಿಡುತ್ತಿದ್ದೀಯಂತೆ, ಭಾನುವಾರ ತೀರ್ಥಹಳ್ಳಿಯಿಂದ ಚಿರಂತನ ಅನ್ನುವವರು ಬಂದು ಒಯ್ಯುತ್ತಾರಂತೆ. "ಟೀಚರಿಗೆ ಕಣ್ಣು ಮೊದಲಿನ ಹಾಗಿಲ್ವಂತೆ ಅಕ್ಕಾ, ಇಲ್ಲದ್ದೆಲ್ಲ ಕಾಣ್ತದಂತೆ" ಅಂತ ನಗುತ್ತಾ ಹೇಳಿದ. ನಿನ್ನ ಕಣ್ಣಿಗೆ ಏನೂ ಆಗಿಲ್ಲ ಮಾರಾಯ್ತಿ. ಅದನ್ನು ಹೇಳಲಿಕ್ಕೇ ಈ ಕಾಗದ.

ನಾಲ್ಕು ವರ್ಷದಿಂದ ನಮ್ಮ ಪದ್ಧತಿ ಒಂದೇ ಆಗಿತ್ತಲ್ಲ. ನಿಮ್ಮೂರು ನಗರದಲ್ಲಿ, ಮನೆ ಹಿತ್ತಲಲ್ಲಿ ನೀನು ಶಾಲು ಹೊದ್ದು ಕೂತು ಒಂದೇ ಗೆಲಾಕ್ಸಿಯ ಎಂಬತ್ತು ತೊಂಬತ್ತು ಚಿತ್ರ ತೆಗೆಯುವುದು. ಬೆಳಗಾದ ಮೇಲೆ ಪೆನ್‌ಡ್ರೈವನ್ನು ಮಾತ್ರೆ ಡಬ್ಬಿಯಲ್ಲಿ ಹಾಕಿ ಗಣೇಶನ ಕೈಗೆ ಕೊಡುವುದು. ನಾನು ಸ್ಟುಡಿಯೋದಲ್ಲಿ ಅವನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿ, ಕತ್ತಲೆಯೊಳಗಿನ ಆ ಮಸುಕು ಸುರುಳಿಯನ್ನು ಮೇಲೆ ತರುವುದು. ನಾನು ಸಿಕ್ಕಿತು ಅಂದ ಕೂಡಲೇ ನೀನು ಕ್ಯಾಮೆರಾದ ಕಾರ್ಡ್ ಖಾಲಿ ಮಾಡುತ್ತಿದ್ದೆ. ಇನ್ನೊಂದು ಪ್ರತಿ ಇಟ್ಟುಕೊಳ್ಳೇ ಅಂದರೆ, ನಿನ್ನ ಹತ್ತಿರ ಇದ್ದರೂ ಒಂದೇ, ನನ್ನ ಹತ್ತಿರ ಇದ್ದರೂ ಒಂದೇ ಅನ್ನುತ್ತಿದ್ದೆ.

ಫೆಬ್ರವರಿಯಲ್ಲಿ ಸಿಂಹ ರಾಶಿಯ ಆ ಗೆಲಾಕ್ಸಿ ಬಂತು. ಆಗ ನನ್ನ ಮೇಜಿನ ಮೇಲೆ ಏಳು ಮದುವೆಯ ಆಲ್ಬಮ್ಮು. ದಿನವಿಡೀ ಮದುಮಕ್ಕಳ ಮೊಡವೆ ಅಳಿಸಿ ಅಳಿಸಿ, ಎಲ್ಲಿ ಚುಕ್ಕಿ ಕಂಡರೂ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ರಾಮಚಂದ್ರಪ್ಪನವರ ಮಗಳ ಹುಟ್ಟುಮಚ್ಚೆಯನ್ನೂ ಅಳಿಸಿ ಅವಳ ಅಜ್ಜಿಯಿಂದ ಬೈಸಿಕೊಂಡದ್ದು ನಿನಗೆ ಗೊತ್ತು. ಗೆಲಾಕ್ಸಿಯ ಅಂಚಿನಲ್ಲಿದ್ದ ಚುಕ್ಕಿಯನ್ನೂ ಹಾಗೆಯೇ ಅಳಿಸಿಬಿಟ್ಟೆ.

ನೀನು ಫೋನ್ ಮಾಡಿ, ಕಾರ್ಡ್ ಖಾಲಿ ಮಾಡುವ ಮೊದಲು ಕಂಡಂತಿತ್ತು, ಎಡ ಅಂಚಿನಲ್ಲಿ ಒಂದು ಚುಕ್ಕಿ ಇದೆಯೇನೇ, ಹೋದ ವರ್ಷದ ಚಿತ್ರದಲ್ಲಿ ಇರಲಿಲ್ಲ ಅಂದೆ. ಅಂಥದ್ದೇನೂ ಇಲ್ಲ, ಕ್ಯಾಮೆರಾದ ದೋಷ ಇರಬೇಕು ಅಂದೆ ನಾನು. ಅಷ್ಟರಲ್ಲಿ ನೀನು ನಿನ್ನ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹೊಸ ನಕ್ಷತ್ರ ಸಿಕ್ಕಿರಬಹುದು ಅಂತ ಹೇಳಿಯಾಗಿತ್ತು. ಮರುದಿನ ಅವರ ಮುಂದೆಯೇ ನಿಂತು, ನಾನು ತಪ್ಪು ನೋಡಿದೆ ಅಂದೆಯಂತೆ.

ಒಂಬತ್ತು ದಿನ ಕಳೆದ ಮೇಲೆ ಯಾವುದೋ ದೇಶದವನೊಬ್ಬ ಅದೇ ಗೆಲಾಕ್ಸಿಯ ಅದೇ ಅಂಚಿನಲ್ಲಿ ನಕ್ಷತ್ರವೊಂದು ಸಿಡಿದು ಹೊಸ ಚುಕ್ಕಿಯಾಗಿ ಹೊಳೆದದ್ದನ್ನು ಕಂಡುಹಿಡಿದ. ನೀನು ಆ ಸುದ್ದಿ ಓದಿದ ದಿನವೇ ಬಸ್ಸು ಹತ್ತಿ ಬಂದೆ. ಮೂಲ ಚಿತ್ರಗಳನ್ನು ಕೊಡು, ಒಮ್ಮೆ ನೋಡಬೇಕು ಅಂದೆ. ಆಲ್ಬಮ್ಮಿಗೆ ಜಾಗ ಸಾಲದೆ ಡಿಲೀಟ್ ಮಾಡಿದೆ ಅಂತ ಹೇಳಿ, ಮುಗಿಸಿದ ಚಿತ್ರವನ್ನು ನಾನು ತೋರಿಸಿದೆ. ಆ ಜಾಗ ಖಾಲಿ. ನೀನು ಬಹಳ ಹೊತ್ತು ನೋಡಿದೆ. ಬೈಯುತ್ತೀ ಅಂದುಕೊಂಡಿದ್ದೆ. "ಅಂದ್ರೆ ಆವತ್ತು ಇರ್ಲಿಲ್ಲ ಅಂತಾಯ್ತು. ಆಸೆಗೆ ಕಂಡಿದ್ದು ನಂಗೆ. ಹೋಗ್ಲಿ ಬಿಡೇ, ಮದುವೆ ಸೀಸನ್ನು, ನೀನಾದ್ರೂ ಎಂತ ಮಾಡ್ತೀ" ಅಂತ ನನಗೇ ಸಮಾಧಾನ ಹೇಳಿ, ಕೊಟ್ಟ ಅವಲಕ್ಕಿ ತಿಂದು ಹೋದೆ. ಆಮೇಲೆ ನಿನ್ನಿಂದ ಪೆನ್‌ಡ್ರೈವ್ ಬರಲಿಲ್ಲ.

ಪ್ರೇರಣಾ, ನಾನು ಡಿಲೀಟ್ ಮಾಡಿಲ್ಲ. ಎಂಬತ್ತೆರಡೂ ಚಿತ್ರ ನನ್ನಲ್ಲೇ ಇವೆ. ಇವತ್ತು ಅಂಗಡಿ ಬಾಗಿಲು ಹಾಕಿಕೊಂಡು ಒಂದೊಂದನ್ನೇ ತೆರೆದು ನೋಡಿದೆ. ಎಂಬತ್ತೆರಡರಲ್ಲೂ ನಿನ್ನ ಚುಕ್ಕಿ ಇದೆ. ದೋಷ ಅಲ್ಲ, ಧೂಳು ಅಲ್ಲ. ಅವನಿಗಿಂತ ಒಂಬತ್ತು ದಿನ ಮೊದಲು ನೀನು ಅದನ್ನು ಕಂಡಿದ್ದೆ.

ಕಂಡುಹಿಡಿದ ಹೆಸರು ಮೊದಲು ತಿಳಿಸಿದವರಿಗೆ ಹೋಗುತ್ತದೆ, ಅದು ಇನ್ನು ನಿನಗೆ ಬರುವುದಿಲ್ಲ. ಆ ಒಂದು ಹೆಸರನ್ನು ನಾನು ಯಾವ ಜನ್ಮದಲ್ಲೂ ತಂದುಕೊಡಲಾರೆ. ಆದರೆ ಸಿಡಿಯುವ ಹೊತ್ತಿನ ಚಿತ್ರ ಇದ್ದರೆ ಸಂಶೋಧನೆ ಮಾಡುವವರಿಗೆ ಬಹಳ ಉಪಯೋಗವಂತೆ. ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಹಾಕಿ ಈ ಕಾಗದದ ಜೊತೆ ಗಣೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರಿಗೆ ಕಳಿಸು. ಶಾಲೆ ಶುರುವಾದ ಮೇಲೆ ಮಕ್ಕಳಿಗೂ ತೋರಿಸು. ಯಾರು ಅಳಿಸಿದ್ದು ಅಂತ ಕೇಳಿದರೆ ನನ್ನ ಹೆಸರು ಹೇಳು.

ಭಾನುವಾರ ಬರುವವರನ್ನು ವಾಪಸ್ ಕಳಿಸು. ನನ್ನ ಮುಖ ನೋಡದಿದ್ದರೂ ಪರವಾಗಿಲ್ಲ, ಆಕಾಶ ನೋಡುವುದನ್ನು ಬಿಡಬೇಡ. ಕೈಮುಗಿದು ಕೇಳುತ್ತೇನೆ.

ನಿನ್ನ ಗೆಳತಿ ಅಂತ ಬರೆಯಲು ಕೈ ಏಳದ,
ವಿನಯಾ

ಮತ್ತೆ: ಲಕೋಟೆ ಅಂಟಿಸಿದ್ದೆ, ಹರಿದು ಇದನ್ನು ಸೇರಿಸುತ್ತಿದ್ದೇನೆ. ಬೆರಳಿನ ಅಭ್ಯಾಸ ಅಂತ ಬರೆದದ್ದು ಸುಳ್ಳು. ನಾಲ್ಕು ವರ್ಷ ಪತ್ರಿಕೆಯಲ್ಲಿ ಬಂದ ಒಂದೊಂದು ಚಿತ್ರದ ಕೆಳಗೂ ನಿನ್ನ ಹೆಸರೊಂದೇ ಇತ್ತು, ನೀನೂ ಒಮ್ಮೆಯೂ ನನ್ನ ಹೆಸರು ಹೇಳಲಿಲ್ಲ. ನೀನು ಫೋನ್ ಮಾಡಿದಾಗ ಚುಕ್ಕಿ ನನ್ನ ಕಣ್ಣೆದುರೇ ಇತ್ತು. ಅಳಿಸಿದ್ದು ಫೋನ್ ಇಟ್ಟ ಮೇಲೆ.