ಸಂಜೆ ಹಾಜರಿಯ ಹುಲಿಗೆಪ್ಪನಿಗೆ

ಬಾಲ್ಯದ ಗೆಳೆಯನೂ, ಬಳ್ಳಾರಿ ಹೆಲ್ತ್ ಆಫೀಸಿನ ಕಾಲರಾ ತಂಡದ ಹಾಜರಿ ಮೇಸ್ತ್ರಿಯೂ ಆಗಿದ್ದ ಹುಲಿಗೆಪ್ಪನಿಗೆ, ಅದೇ ಕಚೇರಿಯ ನಿವೃತ್ತ ನಕಲು ಗುಮಾಸ್ತ ಪಂಪಾಪತಿಯು ಬಹಳ ತಡವಾಗಿ ಬರೆದುಕೊಳ್ಳುವ ಅರಿಕೆ ಏನೆಂದರೆ:

ಕುರುಗೋಡಿನ ಶಾಲೆಯ ಜಗಲಿಯ ಮೇಲೆ ನಾನು ನನ್ನ ಮೊದಲ ಅರ್ಜಿಯನ್ನು ನಿನಗೆ ಓದಿ ಕೇಳಿಸಿದ್ದು ನೆನಪಿದೆಯೆ? ಊರ ಬಾವಿಗೆ ಹೊಸ ಗಡಗಡೆ ಬೇಕೆಂಬ ಅರ್ಜಿ ಅದು. ಅಮಲ್ದಾರರ ಕಚೇರಿಯ ಹಳೆಯ ಕಾಗದಗಳಿಂದ ಒಂದೊಂದೇ ವಾಕ್ಯವನ್ನು ಎತ್ತಿ ಕಟ್ಟಿದ್ದೆ. ನೀನು ಪೂರ್ತಿ ಕೇಳಿ, "ಭಾಳ ಜೋರ್ ಐತಲೇ ಪಂಪಾ, ಆದ್ರ ಏನ್ ಬೇಕಂತ ಕಡೀತನಾ ಗೊತ್ತಾಗ್ಲಿಲ್ಲ ನೋಡು" ಎಂದು ನಕ್ಕಿದ್ದೆ. ನನ್ನ ಬರವಣಿಗೆಗೆ ಕಚೇರಿಯಲ್ಲಿ ಬೆಲೆ ಬಂದ ಮೇಲೂ ಆ ನಗೆಯನ್ನು ನಾನು ಮರೆತಿರಲಿಲ್ಲ. ಮುಂದೆ ನಡೆದದ್ದಕ್ಕೆ ಅದೂ ಒಂದು ಕಾರಣವಾಗಿತ್ತೋ ಏನೋ...

ಕಾಲರಾ ಬಂದ ವರ್ಷದ ಒಂದು ಸಂಜೆ, ಪಂಪ್‌ಹೌಸಿನ ಕಟ್ಟೆಯ ಬಳಿ ನಿನ್ನ ಹಾಜರಿಯನ್ನು ನಾನು ಮರೆಯಲ್ಲಿ ನಿಂತು ನೋಡಿದೆ. ದೇಶ ದೇಶಗಳನ್ನು ದಾಟಿ ಬಂದ ಬೇನೆಯೆಂದು ಪತ್ರಿಕೆಗಳು ಬರೆಯುತ್ತಿದ್ದವು. ನಿನ್ನ ಆಳುಗಳು ರೋಗಿಗಳನ್ನು ಗಾಡಿಯಲ್ಲಿ ಕಾಲರಾ ಶೆಡ್ಡಿಗೆ ಸಾಗಿಸಿ, ಅವರ ಹಾಸಿಗೆಗಳನ್ನು ಸುಟ್ಟು, ತೀರಿಕೊಂಡವರನ್ನು ಮಣ್ಣು ಮಾಡಿ ಬರುತ್ತಿದ್ದರು. ಬೇರೆ ಮೇಸ್ತ್ರಿಗಳು ಹೆಸರು ಕೂಗಿ ಗುರುತು ಹಾಕಿ ಕಳಿಸಿದರೆ, ನೀನು ಒಬ್ಬೊಬ್ಬನನ್ನೂ ಕೂರಿಸಿ, ಆ ದಿನ ಏನು ಕಂಡೆ, ಯಾರು ಏನಂದರು ಎಂದು ಕೇಳುತ್ತಿದ್ದೆ. ಬಾಯಿ ಬಿಡುವವರೆಗೆ ಹಾಜರಿಯಿಲ್ಲ.

"ಮನಿಗೆ ಹೊತ್ಕೊಂಡ್ ಹೋಗಬ್ಯಾಡ್ರಿ. ಅಳೂದಿದ್ರ ಇಲ್ಲೇ ಅಳ್ರಿ, ಬೈಯೂದಿದ್ರ ನನ್ನ ಬೈರಿ" ಎನ್ನುತ್ತಿದ್ದೆ.

"ಹೆಲ್ತ್ ಆಫೀಸರ್ ಮಾರಿ ನೋಡಿದ್ನಿ ಮೇಸ್ತ್ರಿ, ಅದಕ್ಕಿಂತ ಹೆದರಿಕಿ ಬ್ಯಾರೆ ಯಾವ್ದೂ ಇಲ್ಲ" ಎಂದ ಗಾಡಿ ಮಾರೆಪ್ಪ. ಎಲ್ಲರೂ ನಕ್ಕರು. ನಗುತ್ತ ನಗುತ್ತಲೇ ಅವನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತದ್ದನ್ನು ಕಂಡೆ. ಕೈ ನಡುಗುತ್ತಿತ್ತು. ಆದರೆ ನನ್ನ ಗಮನವೆಲ್ಲ ನಿನ್ನ ಮೇಲೆ. ಇವನಿಗೇಕೆ ಇಷ್ಟು ವಿಚಾರಣೆ? ಆಳುಗಳ ಗುಟ್ಟು ತಿಳಿದುಕೊಂಡು ಯಾರ ಕಿವಿಗೆ ಹಾಕುತ್ತಾನೆ?

ಮುಂದಿನ ವಾರ ಹಾಜರಿ ಪಟ್ಟಿಯನ್ನು ನಕಲು ಮಾಡುವಾಗ ನನ್ನ ಲೇಖನಿ ನಿಂತಿತು. ಮಾರೆಪ್ಪನ ಹೆಸರಿನ ಮುಂದೆ ನೀನು ಆರು ದಿನ "ಕುರುಗೋಡು, ಬಾವಿಗಳಿಗೆ ಸುಣ್ಣ" ಎಂದು ಬರೆದಿದ್ದೆ. ಕುರುಗೋಡಿನಲ್ಲಿ ಆಗಿನ್ನೂ ಬೇನೆಯೇ ಇರಲಿಲ್ಲ. ಭಾನುವಾರ ಬಸ್ಸು ಹತ್ತಿ ಹೋದೆ. ನಿಮ್ಮ ಮನೆಯ ಮುಂದಿನ ನೆರಳಲ್ಲಿ ಮಾರೆಪ್ಪ ನಿನ್ನ ತಾಯಿಯ ಎದುರು ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ.

"ಏನಪಾ, ಡ್ಯೂಟಿ ಇಲ್ಲೇನು?" ಎಂದೆ.

"ಇದ ಡ್ಯೂಟಿ ರೀ. ನೂರು ಮಾರು ಆಗೂತನಾ ಬಳ್ಳಾರಿ ಕಡೆ ಮಾರಿ ಹಾಕಬ್ಯಾಡ ಅಂದಾನ ಮೇಸ್ತ್ರಿ."

ನಿನ್ನ ತಾಯಿ ನನ್ನನ್ನು ನೋಡಿ, "ಬಾರಪಾ ಪಂಪಣ್ಣ, ರೊಟ್ಟಿ ತಿಂದು ಹೋಗು" ಎಂದು ಕರೆದಳು. ನಾನು ನಿಲ್ಲಲಿಲ್ಲ. ಸರ್ಕಾರದ ಆಳು, ಮೇಸ್ತ್ರಿಯ ಮನೆಯ ಹಗ್ಗ! ನನಗೆ ಬೇಕಾದದ್ದು ಸಿಕ್ಕಿತ್ತು.

ಆ ಸೋಮವಾರ ನಾನು ಬರೆದ ಅರ್ಜಿಗೆ ಹೆಸರಿರಲಿಲ್ಲ, ರುಜು ಇರಲಿಲ್ಲ. "ಸಾರ್ವಜನಿಕ ಹಿತಾಸಕ್ತಿಯನ್ನು ಬಯಸುವ ಬಡ ಪ್ರಜೆಯೊಬ್ಬನು ಅತ್ಯಂತ ವಿನೀತನಾಗಿ ತಮ್ಮ ಪಾದಾರವಿಂದಗಳಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ" ಎಂದು ಆರಂಭಿಸಿ, ಉಸಿರು ತೆಗೆಯದೆ ಎರಡು ಪುಟ. ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದೆ. ಅಕ್ಷರ ಸೊಟ್ಟಗಾದವು. ವಾಕ್ಯಗಳನ್ನು ಸೊಟ್ಟಗೆ ಮಾಡಲು ಮಾತ್ರ ನನಗೆ ಮನಸ್ಸು ಬರಲಿಲ್ಲ. ಹೆಸರಿಲ್ಲದ ಅರ್ಜಿಯಲ್ಲೂ ನನ್ನ ಭಾಷೆ ಚೆನ್ನಾಗಿರಬೇಕಾಗಿತ್ತು. ಇಂಥ ಮೂರ್ಖತನ ನನ್ನಂಥ ಗುಮಾಸ್ತನಿಗಲ್ಲದೆ ಬೇರೆ ಯಾರಿಗೆ ಸಾಧ್ಯ?

ವಿಚಾರಣೆಯ ದಿನ ನಿನ್ನ ಹೇಳಿಕೆಯನ್ನು ಶುದ್ಧಪ್ರತಿ ಮಾಡಿದವನೂ ನಾನೇ. "ನನ್ನ ತಾಯಿಗೆ ಹಗ್ಗ ಬೇಕಾಗಿತ್ತು. ತಪ್ಪಾಯಿತು." ಅಷ್ಟೆ. ಒಂದು ಮಾತು ಹೆಚ್ಚಿಲ್ಲ. ತಪ್ಪಿತಸ್ಥನಲ್ಲದಿದ್ದರೆ ಇಷ್ಟು ಬೇಗ ಒಪ್ಪುತ್ತಾನೆಯೆ ಎಂದು ನಾನು ಗೆದ್ದವನಂತೆ ಶಾಯಿಯ ಮೇಲೆ ಒತ್ತುಕಾಗದ ಒತ್ತಿದೆ. ನಿನ್ನ ಸರ್ವೀಸ್ ಪುಸ್ತಕದಲ್ಲಿ "ಸರ್ಕಾರಿ ಆಳುಗಳನ್ನು ಸ್ವಂತಕ್ಕೆ ದುಡಿಸಿಕೊಂಡವನು" ಎಂಬ ಷರಾ ಬಿತ್ತು. ಮೇಸ್ತ್ರಿಗಿರಿ ಹೋಗಿ, ನೀನು ಸಿರುಗುಪ್ಪದ ಶೆಡ್ಡಿನಲ್ಲಿ ನೀರು ಕಾಯಿಸುವ ಆಳಾದೆ.

ನಿನ್ನ ಜಾಗಕ್ಕೆ ಬಂದ ಮೇಸ್ತ್ರಿ ಐದೇ ನಿಮಿಷದಲ್ಲಿ ಹಾಜರಿ ಮುಗಿಸುತ್ತಿದ್ದ. ಕಟ್ಟೆಯ ಬಳಿ ನಗುವಿರಲಿಲ್ಲ. ಎರಡನೆಯ ವಾರ ಮೂವರು ಹೇಳದೆ ಕೇಳದೆ ಊರು ಬಿಟ್ಟರು. ಮಾರೆಪ್ಪ ಒಂದು ಬೆಳಿಗ್ಗೆ ನಡುರಸ್ತೆಯಲ್ಲಿ ನೊಗದಿಂದ ಎತ್ತು ಬಿಚ್ಚಿ, ಗಾಡಿಯ ಕೆಳಗೆ ಹೋಗಿ ಮಲಗಿದ. ಎಬ್ಬಿಸಿದರೆ ಏಳಲಿಲ್ಲ, ಕೇಳಿದರೆ ಮಾತಿಲ್ಲ. ಹೆಂಡತಿ ಬಂದು ಕೈ ಹಿಡಿದು ಕರೆದುಕೊಂಡು ಹೋದಳು. ಆಗಲೂ ನನಗೆ ತೋಚಿದ್ದೇನು ಗೊತ್ತೆ? ಇದೂ ನೀನು ಹೇಳಿಕೊಟ್ಟ ಮುಷ್ಕರವಿರಬೇಕು ಎಂದು.

ನಾನು ಸಿರುಗುಪ್ಪಕ್ಕೆ ಕಡತ ತರಲು ಬಂದ ಮಧ್ಯಾಹ್ನ, ಭತ್ತದ ಗದ್ದೆಗಳ ಅಂಚಿನ ಆ ಶೆಡ್ಡಿನ ಹಿಂದೆ ನೀನು ಹಂಡೆಗೆ ಸೌದೆ ಇಡುತ್ತಿದ್ದೆ. ಸುತ್ತ ನಾಲ್ಕೈದು ಆಳುಗಳು ಕೂತು ಏನೋ ಹೇಳುತ್ತಿದ್ದರು. ಕೈಯಲ್ಲಿ ಹಾಜರಿ ಪುಸ್ತಕವಿಲ್ಲದಿದ್ದರೂ ನೀನು ಕೇಳುತ್ತಿದ್ದೆ. ನನ್ನನ್ನು ಕಂಡು ಎದ್ದು ಬಂದೆ.

"ಬಾರಲೇ ಪಂಪಾ. ನನ್ನ ಮ್ಯಾಲೆ ಅರ್ಜಿ ಬಂದಿತ್ತಲ್ಲ, ಸಾಹೇಬ್ರು ಓದಿ ಹೇಳಿದ್ರು. ಏನ್ ಬರದಾನಲೇ ಮಾರಾಯ! ಕೇಳಿ ನನಗೂ ನನ್ನ ಮ್ಯಾಲೆ ಸಿಟ್ಟು ಬಂತು."

ನೀನು ನಕ್ಕೆ. ನನಗೆ ಚಹಾ ತರಿಸಿದೆ. ಆ ಚಹಾದಲ್ಲಿ ಏನು ಅರ್ಥವಿದೆಯೆಂದು ನಾನು ದಾರಿಯುದ್ದಕ್ಕೂ ಹುಡುಕಿದೆ. ನಿನಗೆ ತಿಳಿದಿತ್ತೆ? ತಿಳಿದಿದ್ದರೆ ಬೈಯಲಿಲ್ಲವೇಕೆ? ತಿಳಿಯದಿದ್ದರೆ ಆ ಮಾತನ್ನು ನನಗೇ ಏಕೆ... ನೀನು ಬದುಕಿದ್ದಷ್ಟು ವರ್ಷ ನಿನ್ನ ಪ್ರತಿಯೊಂದು ನಮಸ್ಕಾರವನ್ನೂ ನಾನು ತಿರುಗಿಸಿ ಮುರುಗಿಸಿ ನೋಡಿದ್ದೇನೆ.

ನಿನ್ನ ಮಣ್ಣಿನ ದಿನ, ಎಲ್ಲರೂ ಹೊರಟ ಮೇಲೆ, ಮಾರೆಪ್ಪ ನನ್ನ ಪಕ್ಕದಲ್ಲಿ ನಡೆದ. ಮಾತು ಮರಳಿ ಎಷ್ಟೋ ವರ್ಷಗಳಾಗಿದ್ದವು. ತಾನಾಗಿಯೇ ಹೇಳಿದ: "ಆ ಹಗ್ಗ ಯಾರಿಗೂ ಬೇಕಾಗಿರ್ಲಿಲ್ಲ ರೀ. ಹಗಲೆಲ್ಲ ಹೊಸೀತಿದ್ನಿ, ಸಂಜಿಗೆ ಮುದುಕಿ ಬಿಚ್ಚಿ ನಾರು ಮಾಡಿ ಇಡ್ತಿದ್ಲು. ಕೈ ನಿಲ್ಲೂತನಾ ಹೊಸಿ ಅಂತಿದ್ಲು. ನನಗಿಂತ ಮುಂಚೆ ಇಬ್ರು ಹೋಗಿ ಬಂದಿದ್ರು."

"ಮತ್ತೆ ವಿಚಾರಣೆಯಲ್ಲಿ ಅವನು ಹಾಗೆಂದು ಹೇಳಬಾರದಿತ್ತೆ?"

"ಹ್ಯಾಂಗ ಹೇಳ್ತಾನ? ನಮ್ ಜೋಡಿ ಇದ್ದ ನಾಗಪ್ಪ ಅಂಜ್ಯಾನ, ನಿದ್ದಿ ಮಾಡವಲ್ಲ ಅಂತ ಮೇಸ್ತ್ರಿನ ಒಮ್ಮಿ ರಿಪೋರ್ಟ್ ಕೊಟ್ಟಿದ್ದ. ಚಿತ್ತಸ್ವಾಸ್ಥ್ಯ ಇಲ್ಲ ಅಂತ ಬರದು ನಾಗಪ್ಪನ್ನ ತಗದ ಹಾಕಿದ್ರು. ನಮ್ಮ ಹೆಸರು ಹೇಳಿದ್ರ ನಮ್ಮನ್ನೂ ತಗೀತಿದ್ರು."

ಚಿತ್ತಸ್ವಾಸ್ಥ್ಯವಿಲ್ಲ. ಆ ಪದವನ್ನು ಸಾಹೇಬರಿಗೆ ಒದಗಿಸಿದ್ದು ನಾನು, ಹುಲಿಗೆಪ್ಪ. ಅವರು "ಹೆದರಿದ್ದಾನೆ" ಎಂದು ಬರೆದಿದ್ದರು. ಅಷ್ಟು ಸಣ್ಣ ಮಾತು ಕಡತಕ್ಕೆ ಶೋಭಿಸದೆಂದು ನಾನೇ ತಿದ್ದಿದ್ದೆ.

ಹೋದ ತಿಂಗಳು ನಾನು ಮತ್ತೊಂದು ಅರ್ಜಿ ಬರೆದೆ. ಐದು ಸಾಲು. ಕೆಳಗೆ ನನ್ನ ಪೂರ್ತಿ ಹೆಸರು, ರುಜು. ಮಾರೆಪ್ಪನೂ ಹೆಬ್ಬೆಟ್ಟು ಒತ್ತಿದ. ಈಗಿನ ಸಾಹೇಬರು ಓದಿ, ಸತ್ತವನ ಪುಸ್ತಕ ತೆಗೆಸಿ ಏನು ಪ್ರಯೋಜನ ಎಂದರು. ನಾನು ಬೆಂಚಿನಿಂದ ಏಳಲಿಲ್ಲ. ನಾಲ್ಕನೆಯ ದಿನ ಪುಸ್ತಕ ತರಿಸಿದರು. ಆ ಷರಾವನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದಾರೆ. ಇದು ನೀನು ಕೇಳದೆ ಹೋದ ಸುದ್ದಿ.

ಇಂದು ಬೆಳಿಗ್ಗೆ ಆದೇಶದ ಪ್ರತಿ ಹಿಡಿದು ಕೊಳಗಲ್ಲಿಗೆ, ಈಗ ಅಲ್ಲಿರುವ ನಿನ್ನ ಹೆಂಡತಿ ತಾಯಮ್ಮನ ಬಳಿಗೆ ಬಂದೆ. ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದಳು. ಆಮೇಲೆ, "ಮೊದಲಿನ ಅರ್ಜಿ ಬರದಾವ ಯಾರು?" ಎಂದಳು.

"ನಾನು" ಎಂದೆ.

ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಹೊರಗ ಕುಂದ್ರು" ಎಂದಳು.

ಕೂತಿದ್ದೇನೆ. ಬಿಸಿಲು ಈ ಬದಿಯ ಗೋಡೆಯಿಂದ ಆ ಬದಿಗೆ ಹೋಗಿದೆ. ಒಳಗೆ ಪಾತ್ರೆಯ ಸದ್ದು ಕೇಳಿಸುತ್ತಿದೆ. ಅದು ಕರೆಯುವ ಸದ್ದೋ ಅಲ್ಲವೋ ಎಂದು ಈ ಸಲ ನಾನು ಶಂಕಿಸಲು ಹೋಗುವುದಿಲ್ಲ. ತಾಯಮ್ಮ ಏಳೆಂದು ಹೇಳುವವರೆಗೆ ಈ ಹೊಸ್ತಿಲ ಮುಂದಿನಿಂದ ಏಳುವುದಿಲ್ಲವೆಂದು, ಬಲಗೈಯಲ್ಲಿ, ನಿನಗೆ ಬರೆದುಕೊಡುತ್ತಿದ್ದೇನೆ.

ಪಂಪಾಪತಿ