ಮೂರು ದಿನದ ತಮ್ಮ

ಹೈದರಾಬಾದ್
18-8-2024

ಪ್ರೀತಿಯ ಅವ್ವಾ,

ನಿನ್ನ ಶೈಲಶ್ರೀಯ ಶರಣು. ಫೋನಿನಲ್ಲಿ ಹೇಳಹೋದರೆ ನೀನು ಮಾತು ತಿರುಗಿಸುತ್ತೀ, ನಾನು ಅಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಒಬ್ಬಳೇ ಇದ್ದಾಗ ಓದು.

ಚಿಕ್ಕಪ್ಪನ ಮಗಳು, ಬಸುರಿ ಜಯಮಾಲಾಳ ಕುಬಸಕ್ಕೆಂದು ಮಟಕಿ ಊರಿಗೆ ಹೋದ ನೀನು ಹೊಸ್ತಿಲಲ್ಲೇ ನಿಂತೆಯಂತೆ. ಉಡಿ ತುಂಬಲು ಕರೆದರೆ, "ನನ್ನ ಕೈ ಛಲೋ ಇಲ್ಲವ್ವಾ, ಬ್ಯಾರೇದವ್ರು ತುಂಬಲಿ" ಅಂದೆಯಂತೆ. ಅವಳೇ ಹೇಳಿದಳು. ಆ ದಿನ ನನಗೆ ಊಟ ಸೇರಲಿಲ್ಲ.

ತಮ್ಮ ಹುಟ್ಟಿ ಮೂರೇ ದಿನ ಬದುಕಿದ. ಹೃದಯ ಸರಿಯಾಗಿ ಬೆಳೆದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಿನ್ನ ಅತ್ತೆ, ನಮ್ಮ ಆಯಿ, ಒಪ್ಪಲಿಲ್ಲ. ಬಸುರಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಕಾಲಿಟ್ಟಳು, ಅದಕ್ಕೇ ಕೂಸು ಹೋಯಿತು ಎಂದು ಓಣಿಗೆಲ್ಲ ಸಾರಿದಳು. ನೀನು ಒಮ್ಮೆಯೂ ಎದುರಾಡಲಿಲ್ಲ.

ಇಲ್ಲಿನ ಲ್ಯಾಬಿನಲ್ಲಿ ನನ್ನದು ಮೀನಿನ ಕೆಲಸ ಅಂತ ನಮ್ಮೂರು ಸರಸಂಬಾದಲ್ಲಿ ಯಾರಿಗೂ ಹೇಳಬೇಡ ಅನ್ನುತ್ತೀಯಲ್ಲ, ಆ ಕೆಲಸ ಏನೆಂದು ಇವತ್ತು ಹೇಳುತ್ತೇನೆ. ನಾವು ಸಾಕುವ ಪುಟ್ಟ ಮೀನಿನ ತತ್ತಿ ಗಾಜಿನಂತೆ ಪಾರದರ್ಶಕ. ಒಳಗಿನ ಜೀವ ಬೆಳೆಯುವುದು ಕಣ್ಣಿಗೇ ಕಾಣುತ್ತದೆ. ಮೊದಲ ಕೆಲವು ಗಂಟೆ ಅದು ತಾಯಿ ತತ್ತಿಯಲ್ಲಿ ಇಟ್ಟ ಸಂದೇಶಗಳ ಮೇಲೆ ನಡೆಯುತ್ತದೆ. ಆಮೇಲೆ ಅದರ ಸ್ವಂತ ಜೀನುಗಳು ಎಚ್ಚರಾಗುತ್ತವೆ. ಆಗ ಮೈಕ್ರೋಆರ್‌ಎನ್‌ಎ ಎಂಬ ಬಲು ಸಣ್ಣ ಎಳೆಗಳು ಹುಟ್ಟಿ, ತಾಯಿಯ ಹಳೆಯ ಸಂದೇಶಗಳಿಗೆ ಅಂಟಿಕೊಂಡು ಅವನ್ನು ಅಳಿಸುತ್ತವೆ. ಯಾವ ಜೀನಿನ ಮಾತು ಎಷ್ಟು ನಡೆಯಬೇಕು ಎಂಬುದನ್ನು ಮುಂದೆಯೂ ಇಂಥ ಎಳೆಗಳೇ ಹಿಡಿತದಲ್ಲಿಡುತ್ತವೆ. ಅವು ಹುಟ್ಟದಂತೆ ಮಾಡಿದ ತತ್ತಿಗಳನ್ನು ನಾನು ನೋಡಿದ್ದೇನೆ. ಮಿದುಳು ರೂಪುಗೊಳ್ಳುವುದಿಲ್ಲ, ಹೃದಯ ಸೊಟ್ಟಗೆ ನಿಲ್ಲುತ್ತದೆ. ತಾಯಿ ಮೀನು ಪಕ್ಕದ ತೊಟ್ಟಿಯಲ್ಲಿ ತನ್ನ ಪಾಡಿಗೆ ಈಜುತ್ತಿರುತ್ತದೆ.

ತಮ್ಮನಿಗೆ ಆದದ್ದು ಇದೇ ಎಂದು ನಾನು ಹೇಳಲಾರೆ. ಅವನ ವಿಷಯ ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಒಂದು ಮಾತ್ರ ಖಾತ್ರಿಯಾಗಿ ಹೇಳಬಲ್ಲೆ. ಮನುಷ್ಯರ ಕೂಸಿನ ಹೃದಯ ಮೊದಲ ಎರಡು ತಿಂಗಳಲ್ಲೇ ರೂಪುಗೊಂಡಿರುತ್ತದೆ. ಗ್ರಹಣದ ಸಂಜೆ ನಿನಗೆ ಆರು ತಿಂಗಳು ತುಂಬಿತ್ತು. ನೀನು ಅಂಗಳಕ್ಕೆ ಬರುವ ಎಷ್ಟೋ ಮೊದಲೇ ಆ ಕೊರತೆ ಅವನಲ್ಲಿತ್ತು ಅವ್ವಾ.

ಇನ್ನೊಂದನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದೆ. ಆ ಗ್ರಹಣದ ಸಂಜೆ ಕರು ಹಗ್ಗ ಬಿಚ್ಚಿಕೊಂಡಿತ್ತು, ನೀನು ಹೋಗಿ ಕಟ್ಟಿ ಬಂದೆ. ನೋಡಿದವಳು ನಾನೊಬ್ಬಳೇ. ಕೂಸು ಹೋದ ಮೇಲೆ ಆಯಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಗ್ರಹಣದಾಗ ನಿಮ್ಮವ್ವ ಹೊರಗ ಹೋಗಿದ್ಲೇನ ಬೇ?" ಎಂದು ಕೇಳಿದಳು. ಹೂಂ ಅಂದೆ. ಒಂಬತ್ತು ವರ್ಷದವಳು, ಅದರ ಭಾರ ತಿಳಿಯಲಿಲ್ಲ. ತಿಳಿದ ಮೇಲೆ ಹೇಳುವ ಧೈರ್ಯ ಬರಲಿಲ್ಲ. ನಿನಗೆ ಸಿಟ್ಟು ಬಂದರೆ ನನ್ನ ಮೇಲೆ ಬರಲಿ.

ಜಯಮಾಲಾಳ ಹೆರಿಗೆ ಮುಂದಿನ ತಿಂಗಳು. ನೀನೇ ಹೋಗಿ ಕೂಸನ್ನು ಎತ್ತಿಕೋ.

ನಿನ್ನ ಮಗಳು,
ಶೈಲಶ್ರೀ

ತಾ.ಕ.: ನನಗೀಗ ಐದು ತಿಂಗಳು. ಮೊದಲ ಮೂರು ತಿಂಗಳು ಕಳೆಯಲಿ ಅಂತ ಸುಮ್ಮನಿದ್ದೆ, ಆಮೇಲೆ ಹೇಳಲು ಬಾಯಿ ಬರಲಿಲ್ಲ. ಸೋಮವಾರ ಸ್ಕ್ಯಾನ್ ಆಯಿತು. ಈ ಕೂಸಿನ ಹೃದಯದ ಎಡಭಾಗ ಬೆಳೆದೇ ಇಲ್ಲವಂತೆ. ಇಷ್ಟೆಲ್ಲ ಓದಿದವಳು ನಾನು, ಆದರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನ್ನಿಂದ ಏನು ತಪ್ಪಾಯಿತು ಎಂದು ಹುಡುಕುತ್ತಿದ್ದೆ. ನೀನು ಬಾ ಅವ್ವಾ.